ಸೀಸ ಕರಗಿಸುವ ಒಲೆ ಮನೆಯೊಳಗೆ ಬೇಡ

ಮಾನ್ಯರೇ,

ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ನಮ್ಮ ಕಾರವಾರದ ಕಡೆ ಕೆಲವರು ಈಗಲೂ ಮನೆಯಲ್ಲೇ ಕರಗಿಸಿ ಎರಕ ಹೊಯ್ಯುತ್ತಾರೆ. ಇದರಿಂದ ಕೈಕಾಲಿನ ನರಗಳಿಗೆ ಆಗುವ ಹಾನಿಯ ಬಗ್ಗೆ ಯಾರೂ ಮಾತಾಡುವುದೇ ಇಲ್ಲ. ಮಳೆಗಾಲದಲ್ಲಿ ದೋಣಿ ದಡ ಸೇರಿದಾಗಲೇ ಈ ಕೆಲಸ ಜಾಸ್ತಿ. ಹೊರಗೆ ಮಳೆ, ಹಾಗಾಗಿ ಒಲೆ ಒಳಗೆ. ಹಳೆ ಬಾಣಲೆಯಲ್ಲಿ ಸೀಸ ಬೆಳ್ಳಿಯಂತೆ ಹೊಳೆಯುತ್ತಿದ್ದರೆ ಮಕ್ಕಳು ಪಕ್ಕದಲ್ಲೇ ಕೂತು ನೋಡುತ್ತಾರೆ. ನಾನೂ ಹಾಗೆ ನೋಡಿದವನೇ.

ಸೀಸದ ಹೊಗೆ, ಧೂಳು ಮೈಸೇರಿದರೆ ವರ್ಷಗಟ್ಟಲೆ ಮೂಳೆಯಲ್ಲಿ ಉಳಿಯುತ್ತದೆ. ವಯರಿಗೆ ಪ್ಲಾಸ್ಟಿಕ್ ಸುತ್ತಿದ ಹಾಗೆ ನಮ್ಮ ಅನೇಕ ನರತಂತುಗಳಿಗೆ ಮಯಲಿನ್ ಎಂಬ ಹೊದಿಕೆ ಇದೆ. ಕೈಕಾಲಿನ ನರಗಳಲ್ಲಿ ಅದನ್ನು ಕಟ್ಟುವುದು ಶ್ವಾನ್ ಕೋಶಗಳು. ಸೀಸ ಈ ಕೋಶಗಳನ್ನೂ ಒಳಗಿನ ತಂತುವನ್ನೂ ಕೆಡಿಸಬಲ್ಲದು. ಮಣಿಕಟ್ಟು ಎತ್ತಲಾಗದೆ ಜೋತುಬೀಳುವುದು ದೊಡ್ಡವರಲ್ಲಿ ಇದರ ಹಳೆಯ ಗುರುತು. ಬಲೆ ಎಳೆಯುವವನ ಕೈಯೇ ಏಳದಿದ್ದರೆ ಹೊಟ್ಟೆಪಾಡು ಹೇಗೆ? ಹಾಳಾದ ತಂತು ಮತ್ತೆ ಬೆಳೆದರೂ ದಿನಕ್ಕೆ ಸುಮಾರು 1 ಮಿ.ಮೀ. ಅಷ್ಟೇ. ಇನ್ನು ಮಕ್ಕಳಲ್ಲಿ ಪೆಟ್ಟು ಬೀಳುವುದು ಮಿದುಳಿಗೇ.

ಸುಮ್ನೆ ಬಿಟ್ಟುಬಿಡಿ ಎಂದರೆ ಯಾರೂ ಕೇಳಲಾರರು, ಸಿದ್ಧ ಗುಂಡಿಗೆ ದುಡ್ಡು ಬೇಕಲ್ವಾ? ಯಾಂತ್ರಿಕ ಮೀನುಗಾರಿಕೆ ನಿಲ್ಲುವ ಜೂನ್–ಜುಲೈನ 61 ದಿನಗಳಲ್ಲಿ ಮೀನುಗಾರಿಕೆ ಇಲಾಖೆ ಬೈತಖೋಲ ಬಂದರಿನಲ್ಲಿ ಸಿದ್ಧ ಗುಂಡುಗಳನ್ನು ರಿಯಾಯಿತಿ ದರದಲ್ಲಿ ಕೊಡಲಿ. ಆರೋಗ್ಯ ಇಲಾಖೆ ಅಲ್ಲೇ ಒಂದು ಶಿಬಿರ ಮಾಡಿ, ಎರಕ ಹೊಯ್ಯುವವರ ಮತ್ತು ಅವರ ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಪರೀಕ್ಷಿಸಲಿ.

– ಮೀನುಗಾರರ ಮನೆಯ ಓದುಗ, ಕಾರವಾರ