ಪ್ರಚಾರ ಸಚಿವರೇ, ತಿದ್ದುಪಡಿಗೂ ಅಷ್ಟೇ ದೊಡ್ಡ ಅಕ್ಷರ ಕೊಡಿ

ಮಾನ್ಯ ವಾರ್ತಾ ಮತ್ತು ಪ್ರಚಾರ ಸಚಿವರಿಗೆ,

ನಮಸ್ಕಾರಗಳು. ಮೊನ್ನೆ ಊಟದ ಹೊತ್ತಿನಲ್ಲಿ ಮಗಳು ಕ್ಯಾರೆಟ್ ಚೂರುಗಳನ್ನೆಲ್ಲ ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿದ್ದಳು. ‘ತಿನ್ನು, ಕಣ್ಣು ಚುರುಕಾಗುತ್ತದೆ’ ಎಂದೆ. ನನಗೆ ಅಮ್ಮ ಹೇಳಿದ್ದು. ಅಮ್ಮನಿಗೆ ಯಾರು ಹೇಳಿದ್ದರೋ. ‘ಅಪ್ಪ, ನೀನು ದಿನವೂ ತಿನ್ನುತ್ತೀಯಲ್ಲ, ಮತ್ತೆ ನಿನಗೇಕೆ ಕನ್ನಡಕ?’ ಎಂದಳು. ಉತ್ತರ ಹುಡುಕಲು ಹೊರಟವನಿಗೆ ಎದುರಾದದ್ದು ನಿಮ್ಮದೇ ಕಸುಬಿನ ಹಳೆಯ ಕಥೆ.

ಎರಡನೆಯ ಮಹಾಯುದ್ಧದ ಬ್ರಿಟನ್. ಬಾಂಬ್ ಹಾಕಲು ಬರುವ ವಿಮಾನಗಳಿಗೆ ಊರು ಕಾಣದಿರಲೆಂದು ರಾತ್ರಿ ದೀಪ ಮರೆಮಾಡುತ್ತಿದ್ದ ಕಾಲ. ಕತ್ತಲಲ್ಲಿ ಜರ್ಮನ್ ವಿಮಾನಗಳನ್ನು ಹೊಡೆದುರುಳಿಸಿದ ಪೈಲಟ್ ಜಾನ್ ಕನಿಂಗ್‌ಹ್ಯಾಮ್‌ಗೆ ‘ಬೆಕ್ಕಿನ ಕಣ್ಣಿನವನು’ ಎಂಬ ಹೆಸರು ಬಿತ್ತು. ಇದೆಲ್ಲ ಕ್ಯಾರೆಟ್ಟಿನ ಮಹಿಮೆ ಎಂಬ ಮಾತು ಹಬ್ಬಿತು. ನಿಜಕ್ಕೂ ಶತ್ರುವನ್ನು ಹುಡುಕಿಕೊಡುತ್ತಿದ್ದದ್ದು ವಿಮಾನದೊಳಗಿನ ರಡಾರ್. ಅದನ್ನು ಹೊರಗೆ ಹೇಳುವಂತಿರಲಿಲ್ಲ. ಇತ್ತ ಆಹಾರ ಸಚಿವಾಲಯ ‘ಡಾಕ್ಟರ್ ಕ್ಯಾರೆಟ್’ ಎಂಬ ಚಿತ್ರಪಾತ್ರವನ್ನು ಹುಟ್ಟಿಸಿ, ಕತ್ತಲಲ್ಲಿ ಕಣ್ಣು ಕಾಣಬೇಕೇ, ಕ್ಯಾರೆಟ್ ತಿನ್ನಿ ಎಂದು ಡಂಗುರ ಸಾರಿತು. ವಿಟಮಿನ್ ಎ ಕೊರತೆಯಾದರೆ ಇರುಳುಗಣ್ಣು ಬರುವುದು ನಿಜ. ಕೊರತೆಯಿಲ್ಲದವನು ಬುಟ್ಟಿಗಟ್ಟಲೆ ತಿಂದರೂ ಕತ್ತಲೆ ಕತ್ತಲೆಯೇ. ಒಳಗೊಂದು ನಿಜದ ಕಾಳು ಇದ್ದದ್ದರಿಂದಲೇ ಉಳಿದ ಜೊಳ್ಳೂ ಸಲೀಸಾಗಿ ಮಾರಾಟವಾಯಿತು.

1945ರಲ್ಲಿ ಯುದ್ಧ ಮುಗಿಯಿತು, ಡಂಗುರದವರು ಮನೆಗೆ ಹೋದರು. ಮಾತು ಮಾತ್ರ ಅಡುಗೆಮನೆಗಳಲ್ಲಿ ಉಳಿಯಿತು, ಅದೂ ಅಮ್ಮಂದಿರ ದನಿಯಲ್ಲಿ. ಸರ್ಕಾರ ಹೇಳಿದ್ದನ್ನು ಅನುಮಾನಿಸಬಹುದು ಸ್ವಾಮಿ, ಅಮ್ಮ ಹೇಳಿದ್ದನ್ನು ಅನುಮಾನಿಸುವುದು ಹೇಗೆ? ಅಮೆರಿಕದ ಮೂವರು ಮನಶ್ಶಾಸ್ತ್ರಜ್ಞರು 1977ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಮತ್ತೆ ಮತ್ತೆ ಕಿವಿಗೆ ಬಿದ್ದ ಹೇಳಿಕೆಗಳು ಸುಳ್ಳಾಗಿದ್ದರೂ ಕೇಳಿದವರಿಗೆ ಹೆಚ್ಚು ನಿಜವೆನಿಸಿದ್ದವು. ನಿಮ್ಮ ಇಲಾಖೆಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಹಾಗೆಂದು ಇಲಾಖೆಗೆ ಬೀಗ ಹಾಕಿ ಎನ್ನುತ್ತಿಲ್ಲ. ಸಿಡುಬನ್ನು ಓಡಿಸಿದ್ದರಲ್ಲಿ ಲಸಿಕೆಯಷ್ಟೇ ಅಲ್ಲ, ಪ್ರಚಾರದ ಪಾಲೂ ಇದೆ. ಸಿಡುಬೆದ್ದ ಮಗುವಿನ ಚಿತ್ರವಿರುವ ಕಾರ್ಡ್ ಹಿಡಿದು ಕಾರ್ಯಕರ್ತರು ಮನೆಮನೆಗೆ ಹೋಗಿ, ಇಂಥವರನ್ನು ಕಂಡಿದ್ದೀರಾ ಎಂದು ಕೇಳುತ್ತಿದ್ದರು. ಸುಳಿವು ಕೊಟ್ಟವರಿಗೆ ಬಹುಮಾನವೂ ಇತ್ತು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ರೋಗ ಭೂಮಿಯಿಂದಲೇ ತೊಲಗಿತೆಂದು ಸಾರಿತು. ಆ ಕಾರ್ಡ್ ಜನರಿಗೆ ಹೇಳಿದ್ದು ಒಂದೇ: ನೀವೇ ಕಣ್ಣಿಟ್ಟು ನೋಡಿ. 1954ರ ಜನವರಿಯಲ್ಲಿ ಅಮೆರಿಕದ ಸಿಗರೇಟು ಕಂಪನಿಗಳು 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಕೊಟ್ಟ ಜಾಹೀರಾತನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಶ್ವಾಸಕೋಶದ ಕ್ಯಾನ್ಸರಿಗೆ ಸಿಗರೇಟೇ ಕಾರಣವೆಂದು ಸಾಬೀತಾಗಿಲ್ಲ, ನಾವೇ ಸಂಶೋಧನೆಗೆ ನೆರವಾಗುತ್ತೇವೆ ಎಂಬ ವಿನಯದ ಮಾತು ಅದು. ಸೇದುವವನಿಗೆ ಇನ್ನೊಂದು ಸಿಗರೇಟು ಹಚ್ಚಲು ಅಷ್ಟು ಅನುಮಾನ ಸಾಕಾಗಿತ್ತು.

ಕಳೆದ ತಿಂಗಳು ನಿಮ್ಮ ಇಲಾಖೆ ಪತ್ರಿಕೆಯಲ್ಲಿ ದುಡ್ಡು ಕೊಟ್ಟು ಹಾಕಿಸಿದ ಪುಟ ಇವೆರಡರಲ್ಲಿ ಯಾವ ಜಾತಿಯದು? ಪತ್ರಿಕೆಯ ಸುದ್ದಿಯದೇ ಅಕ್ಷರ, ಸುದ್ದಿಯದೇ ಅಂಕಣ, ಸುದ್ದಿಯದೇ ತಲೆಬರಹ. ‘ಜಾಹೀರಾತು’ ಎಂಬ ಪದ ಮೂಲೆಯಲ್ಲಿ ಇರುವೆಯಷ್ಟು. ನಮ್ಮ ತಂದೆಯವರು ಅದನ್ನು ಸುದ್ದಿಯೆಂದೇ ಮನೆಮಂದಿಗೆ ಗಟ್ಟಿಯಾಗಿ ಓದಿ ಹೇಳಿದರು. ಅದರಲ್ಲಿದ್ದ ಒಂದು ಅಂಕಿ ತಪ್ಪೆಂದು ಎರಡು ವಾರದ ನಂತರ ನಿಮ್ಮವರೇ ಒಪ್ಪಿಕೊಂಡರು, ಒಳಪುಟದಲ್ಲಿ, ಮೂರು ಸಾಲಿನಲ್ಲಿ. ತಂದೆಯವರು ಅದನ್ನು ಓದಲಿಲ್ಲ. ಮೊದಲಿನ ಅಂಕಿಯನ್ನೇ ಈಗಲೂ ನೆಂಟರಿಗೆ ಹೇಳುತ್ತಿದ್ದಾರೆ.

ನನ್ನ ಕೋರಿಕೆ ಇಷ್ಟು. ದುಡ್ಡು ಕೊಟ್ಟು ಹಾಕಿಸಿದ ಪುಟದ ನೆತ್ತಿಯ ಮೇಲೆ, ಕೊಟ್ಟವರು ಯಾರೆಂದು ಕಾಣುವಂತೆ ಅಚ್ಚಾಗಲಿ. ಹೇಳಿದ್ದು ತಪ್ಪಾದರೆ ತಿದ್ದುಪಡಿ ಅದೇ ಪುಟದಲ್ಲಿ, ಅದೇ ಗಾತ್ರದಲ್ಲಿ, ಮೊದಲಿನದು ಬಂದಷ್ಟೇ ದಿನ ಬರಲಿ. ಖರ್ಚಾಗುತ್ತದೆ, ಗೊತ್ತು. ಮೊದಲ ಸಲವೂ ಆಗಿತ್ತಲ್ಲ.

ನನ್ನ ಪಾಲಿನ ತಿದ್ದುಪಡಿಯನ್ನು ನಾನು ಕೊಟ್ಟಾಗಿದೆ, ಅದೇ ಊಟದ ಹೊತ್ತಿನಲ್ಲಿ, ಅಷ್ಟೇ ಗಟ್ಟಿ ದನಿಯಲ್ಲಿ. ಕ್ಯಾರೆಟ್ ಚೂರುಗಳು ಇನ್ನೂ ತಟ್ಟೆಯ ಅಂಚಿನಲ್ಲೇ ಇವೆ.

ಇತಿ,
ನಿಮ್ಮ ಜಾಹೀರಾತುಗಳನ್ನು ಮೂಲೆಯ ತನಕ ಓದುವ ಒಬ್ಬ ನಾಗರಿಕ