ಬರೆದ ಕೈಗಳನ್ನು ಮೊದಲು ನೋಡು

ಪ್ರೀತಿಯ ತಂಗಿ,

ನಿನ್ನ ಲೇಖನ ತಲುಪಿತು. ‘ಬೈಬಲ್ ದೇವರ ಮಾತೋ, ಮನುಷ್ಯರ ಬರಹವೋ?’ ಎಂದು ತಲೆಬರಹದಲ್ಲೇ ಕೇಳಿ, ಪುಟಗಟ್ಟಲೆ ವಾದಿಸಿ, ಕೊನೆಗೆ ಮನುಷ್ಯರದೇ ಎಂದು ತೀರ್ಪು ಬರೆದಿದ್ದೀಯ. ವಾದ ಚುರುಕಾಗಿದೆ, ಭಾಷೆಗೆ ಕಸುವಿದೆ. ಆದರೆ ಇಡೀ ಲೇಖನದಲ್ಲಿ ಬೈಬಲಿನ ಬಗ್ಗೆ ಬೇರೆಯವರು ಹೇಳಿದ್ದೇ ತುಂಬಿದೆ. ಅದನ್ನು ಬರೆದವರು ತಮ್ಮ ಬರವಣಿಗೆಯ ಬಗ್ಗೆ ತಾವೇ ಏನು ಹೇಳಿಕೊಂಡಿದ್ದಾರೆ ಎಂಬುದಕ್ಕೆ ಒಂದು ಸಾಲೂ ಸಿಕ್ಕಿಲ್ಲ. ಬರೆಯುವ ಕಸುಬಿಗೆ ಇಳಿದವಳು ಮೊದಲು ಹೋಗಬೇಕಾದದ್ದು ಅಲ್ಲಿಗೆ.

ಯೇಸುವಿನ ಬದುಕನ್ನು ಹೇಳುವ ಸುವಾರ್ತೆಗಳಲ್ಲಿ ಲೂಕನದರ ಮೊದಲ ನಾಲ್ಕು ವಚನಗಳನ್ನು ಓದು. ದರ್ಶನವಿಲ್ಲ, ಆಕಾಶವಾಣಿ ಇಲ್ಲ. ಈ ಸಂಗತಿಗಳನ್ನು ಬರೆಯಲು ಈಗಾಗಲೇ ಅನೇಕರು ಕೈಹಾಕಿದ್ದಾರೆ, ಕಣ್ಣಾರೆ ಕಂಡವರು ತಿಳಿಸಿದ ಮಾತುಗಳಿವೆ, ನಾನೂ ಎಲ್ಲವನ್ನೂ ಮೊದಲಿನಿಂದ ವಿಚಾರಿಸಿ ಕ್ರಮವಾಗಿ ಬರೆಯುತ್ತಿದ್ದೇನೆ ಎಂದು ಥೆಯೊಫಿಲನಿಗೆ ಹೇಳುತ್ತಾನೆ. ಇದು ಓಡಾಡಿ ವಿಷಯ ಕಲೆಹಾಕಿದವನ ಮುನ್ನುಡಿ. ಅದರಲ್ಲಿ ತುಸು ಅತೃಪ್ತಿಯೂ ನನಗೆ ಕೇಳಿಸುತ್ತದೆ. ಹಿಂದಿನವರ ಪುಸ್ತಕ ಸಾಕೆನಿಸಿದ್ದರೆ ಯಾರು ತಾನೇ ಇನ್ನೊಂದನ್ನು ಬರೆಯಲು ಕೂರುತ್ತಾರೆ? ಆ ಹಿಂದಿನವರಲ್ಲಿ ಇನ್ನೊಂದು ಸುವಾರ್ತೆ ಬರೆದ ಮಾರ್ಕನೂ ಒಬ್ಬನೆಂದು ಇಂದಿನ ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಲೂಕನೂ ಮತ್ತಾಯನೂ ಅವನ ಪಠ್ಯವನ್ನು ಎದುರಿಗಿಟ್ಟುಕೊಂಡು, ಬೇಕಾದಲ್ಲಿ ತಿದ್ದಿಕೊಂಡೇ ಬರೆದರು.

ಮಕ್ಕಬಿಯರ ಎರಡನೆಯ ಪುಸ್ತಕದ ಕರ್ತೃ ಇನ್ನೂ ಮುಂದೆ ಹೋಗುತ್ತಾನೆ. ಕುರೇನೆಯ ಯಾಸೋನನೆಂಬವನು ಐದು ಸಂಪುಟಗಳಲ್ಲಿ ಬರೆದಿದ್ದ ಇತಿಹಾಸವನ್ನು ಒಂದಕ್ಕೆ ಇಳಿಸಿದವನು ಅವನು. ಬೆವರು ಸುರಿಸಿ, ನಿದ್ದೆಗೆಟ್ಟು ಮಾಡಬೇಕಾದ ಕೆಲಸವಿದು ಎಂದು ಆರಂಭದಲ್ಲೇ ಗೋಳು ಹೇಳಿಕೊಳ್ಳುತ್ತಾನೆ. ಚೆನ್ನಾಗಿ ಬಂದಿದ್ದರೆ ನಾನು ಬಯಸಿದ್ದೂ ಅದನ್ನೇ, ಸಾಧಾರಣವಾಗಿದ್ದರೆ ನನ್ನ ಕೈಲಾದದ್ದು ಇಷ್ಟೇ ಎಂದು ಮುಗಿಸುತ್ತಾನೆ. ಕಥೋಲಿಕರಿಗೂ ಆರ್ಥೊಡಾಕ್ಸ್ ಸಭೆಗಳಿಗೂ ಇದು ಪವಿತ್ರ ಗ್ರಂಥ. ಪ್ರಾಟೆಸ್ಟಂಟರು ತಮ್ಮ ಪಟ್ಟಿಯಲ್ಲಿ ಸೇರಿಸಿಲ್ಲ. (ದೈವಪ್ರೇರಿತವೆನ್ನುವ ಪುಸ್ತಕಗಳು ಎಷ್ಟು ಎಂಬುದರಲ್ಲೇ ಒಮ್ಮತವಿಲ್ಲ ಎಂಬುದನ್ನು ನೀನು ಗಮನಿಸಿಲ್ಲ. ಬೈಬಲಿನಲ್ಲಿ ಕ್ರೈಸ್ತರು ಸೇರಿಸಿದ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯ ಈಗಿನ 27 ಪುಸ್ತಕಗಳಷ್ಟೇ ಇರುವ ಪಟ್ಟಿ ನಮಗೆ ಮೊದಲು ಕಾಣಸಿಗುವುದು ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ 367ರಲ್ಲಿ ಬರೆದ ಪತ್ರದಲ್ಲಿ.)

ಊರೂರಿನ ಮೊದಲ ಕ್ರೈಸ್ತರಿಗೆ ಪತ್ರ ಬರೆದ ಪೌಲನ ಬಳಿ ಸ್ವಲ್ಪ ಹೊತ್ತು ನಿಲ್ಲು. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಆರಂಭದಲ್ಲಿ, ಕ್ರಿಸ್ಪ ಮತ್ತು ಗಾಯ ಇವರನ್ನು ಬಿಟ್ಟರೆ ನಿಮ್ಮಲ್ಲಿ ಯಾರಿಗೂ ನಾನು ದೀಕ್ಷಾಸ್ನಾನ ಮಾಡಿಸಲಿಲ್ಲ ಎಂದು ಖಡಾಖಂಡಿತವಾಗಿ ಹೇಳುತ್ತಾನೆ. ಮರುಕ್ಷಣವೇ ಸ್ತೆಫನನ ಮನೆಯವರು ನೆನಪಾಗುತ್ತಾರೆ, ಅವರನ್ನೂ ಸೇರಿಸುತ್ತಾನೆ. ಇನ್ನು ಯಾರಿಗಾದರೂ ಮಾಡಿಸಿದ್ದೆನೋ ಗೊತ್ತಿಲ್ಲ ಎಂದು ಕೈಚೆಲ್ಲುತ್ತಾನೆ. ಹೇಳಿ ಬರೆಸುವವನ ಮರೆವು ತಿದ್ದುಪಡಿಯಾಗದೆ ಹಾಗೇ ಉಳಿದಿದೆ. ಅದೇ ಪತ್ರದ ಏಳನೆಯ ಅಧ್ಯಾಯ ಇನ್ನೂ ಸ್ವಾರಸ್ಯಕರ. ಹೆಂಡತಿ ಗಂಡನನ್ನು ಅಗಲಬಾರದೆಂಬುದು ನನ್ನ ಅಪ್ಪಣೆಯಲ್ಲ, ಕರ್ತನದು, ಅಂದರೆ ಯೇಸುವಿನದು, ಎನ್ನುತ್ತಾನೆ. ಮುಂದಿನದು ಕರ್ತನ ಮಾತಲ್ಲ, ನನ್ನದು ಎನ್ನುತ್ತಾನೆ. ಮದುವೆಯಾಗದವರ ಬಗ್ಗೆ ಕರ್ತನ ಅಪ್ಪಣೆ ನನಗೆ ದೊರೆತಿಲ್ಲ, ಅಭಿಪ್ರಾಯ ಹೇಳುತ್ತೇನೆ ಎನ್ನುತ್ತಾನೆ. ಅಧ್ಯಾಯ ಮುಗಿಯುವಾಗ, ನನ್ನಲ್ಲಿಯೂ ದೇವರ ಆತ್ಮ ಇದೆಯೆಂದು ಭಾವಿಸುತ್ತೇನೆ ಎಂದು ಸೇರಿಸುತ್ತಾನೆ. ತನ್ನದನ್ನೂ ದೇವರದನ್ನೂ ಇಷ್ಟು ಎಚ್ಚರದಿಂದ ಬೇರ್ಪಡಿಸಿದವನ ಪತ್ರವನ್ನು ಕ್ರೈಸ್ತ ಸಭೆಯು ಮುಂದೆ ಇಡಿಯಾಗಿ ಶಾಸ್ತ್ರದೊಳಗೆ ಇಟ್ಟಿತು. ‘ಇದು ನನ್ನ ಅಭಿಪ್ರಾಯ’ ಎಂಬ ಮಾತೂ ದೇವರ ವಾಕ್ಯದ ಭಾಗವಾಯಿತು. ನಿನ್ನ ವಿಷಯದ ತಿರುಳೆಲ್ಲ ಈ ಒಂದು ಅಧ್ಯಾಯದಲ್ಲಿದೆ. ನಿನ್ನ ಲೇಖನದಲ್ಲಿ ಅದರ ಸುಳಿವೇ ಇಲ್ಲ.

ಆದ್ದರಿಂದ ಮನುಷ್ಯರು ಬರೆದರು ಎಂಬುದು ನೀನು ಬಯಲಿಗೆಳೆದ ಗುಟ್ಟಲ್ಲ. ಪುಸ್ತಕ ಅದನ್ನು ಮುಚ್ಚಿಟ್ಟೇ ಇಲ್ಲ. ರೋಮಾಪುರದವರಿಗೆ ಬರೆದ ಪತ್ರದ ಕೊನೆಯಲ್ಲಿ ಅದನ್ನು ಬರೆದುಕೊಂಡ ಲಿಪಿಕಾರ ತೆರ್ತ್ಯನೇ ತಲೆ ಹೊರಹಾಕಿ ತನ್ನ ವಂದನೆಯನ್ನೂ ತಿಳಿಸಿಬಿಡುತ್ತಾನೆ.

ಹಾಗಾದರೆ ನೀನು ವಾದ ಹೂಡಿರುವುದು ಯಾರ ಜೊತೆ? ದೇವರು ಅಕ್ಷರಕ್ಷರ ಹೇಳಿದ, ಮನುಷ್ಯ ಬರೆದುಕೊಂಡ ಎನ್ನುವವನ ಜೊತೆ. ಅಂಥವರು ಇಲ್ಲವೆಂದಲ್ಲ. ಆರನೆಯ ಶತಮಾನದ ಕೊನೆಯ ಭಾಗದಲ್ಲಿ ಗ್ರೆಗೊರಿ, ಮುಂದೆ ಪೋಪ್ ಆದವನು, ಯೋಬನ ಗ್ರಂಥಕ್ಕೆ ವ್ಯಾಖ್ಯಾನ ಬರೆಯುತ್ತ, ಪವಿತ್ರಾತ್ಮನೇ ಕರ್ತೃವಾಗಿರುವಾಗ ಬರೆದವನು ಯಾರೆಂದು ಕೇಳುವುದು, ದೊಡ್ಡವರಿಂದ ಬಂದ ಪತ್ರವನ್ನು ಯಾವ ಲೇಖನಿಯಿಂದ ಬರೆದರೆಂದು ವಿಚಾರಿಸಿದ ಹಾಗೆ ನಗೆಪಾಟಲು ಎಂದ. ನನಗೆ ಗ್ರೆಗೊರಿಯ ಮಾತು ಒಪ್ಪಿಗೆಯಿಲ್ಲ. ಲೇಖನಿಯನ್ನು ವಿಚಾರಿಸದ ಓದು ಬರಹಗಾರರಿಗೆ ಸಲ್ಲದು. ಆದರೆ ಇಂದಿನ ಸಭೆಗಳ ಅಧಿಕೃತ ನಿಲುವು ಅಲ್ಲಿಂದ ಬಹಳ ದೂರ ಬಂದಿದೆ. ಕಥೋಲಿಕರ ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಒಪ್ಪಿದ ‘ದೇಯಿ ವೆರ್ಬುಮ್’ ಎಂಬ ದಾಖಲೆ ದೇವರೇ ಮೂಲ ಕರ್ತೃವೆಂದು ಹೇಳುತ್ತಲೇ, ಬರೆದ ಮನುಷ್ಯರೂ ತಮ್ಮ ಶಕ್ತಿಸಾಮರ್ಥ್ಯಗಳನ್ನು ಬಳಸಿದ ನಿಜವಾದ ಕರ್ತೃಗಳೆಂದು ಹೇಳುತ್ತದೆ. ಬೈಬಲಿನಲ್ಲಿ ತಪ್ಪೇ ಇಲ್ಲವೆಂದು ಪಟ್ಟುಹಿಡಿದ ಪ್ರಾಟೆಸ್ಟಂಟರ 1978ರ ಷಿಕಾಗೊ ಹೇಳಿಕೆ ಕೂಡ, ಪದಗಳನ್ನು ದೇವರೇ ಆರಿಸಿದನೆನ್ನುತ್ತದೆಯಾದರೂ, ಅದಕ್ಕಾಗಿ ಬರೆದವರ ವ್ಯಕ್ತಿತ್ವವನ್ನು ತುಳಿಯಲಿಲ್ಲ ಎಂದು ಸ್ಪಷ್ಟಪಡಿಸುತ್ತದೆ. ಇವೆರಡು ಹೇಗೆ ಹೊಂದುತ್ತವೆ ಎಂದು ಕೇಳು. ಅದು ಗಟ್ಟಿ ಪ್ರಶ್ನೆ. ನೀನು ಕೇಳಿದ್ದು ಸುಲಭದ್ದು.

ಇನ್ನೊಂದು: ಬೈಬಲಿಗೆ ‘ಅಪೌರುಷೇಯ’ ಎಂದು ಅಂಟಿಸಿದ್ದೀಯ. ತೆಗೆದುಹಾಕು. ಮೀಮಾಂಸಕರು ವೇದಕ್ಕೆ ಕರ್ತೃವೇ ಇಲ್ಲ, ದೇವರೂ ಅಲ್ಲ ಎಂದರು. ಕ್ರೈಸ್ತರು ಹೇಳುವುದು ಒಂದೇ ಪುಸ್ತಕಕ್ಕೆ ಇಬ್ಬರು ಕರ್ತೃಗಳೆಂದು.

ಈ ಇಬ್ಬರನ್ನು ಒಂದೇ ಚೌಕಟ್ಟಿನಲ್ಲಿ ತೋರಿಸುವುದು ಎಷ್ಟು ಕಷ್ಟವೆಂದು ಚಿತ್ರಕಾರ ಕಾರವಾಜಿಯೊನನ್ನು ಕೇಳಬೇಕು. 1602ರಲ್ಲಿ ರೋಮಿನ ಒಂದು ಚರ್ಚಿಗಾಗಿ ಅವನು ಮತ್ತಾಯ ಸುವಾರ್ತೆ ಬರೆಯುವ ಚಿತ್ರ ಬಿಡಿಸಿದ. ಬರಿಗಾಲಿನ ಒರಟು ಮನುಷ್ಯ. ಪಕ್ಕದಲ್ಲಿ ದೇವದೂತ ಅವನ ಕೈ ಹಿಡಿದು ತಿದ್ದಿಸುತ್ತಿದ್ದಾನೆ. ಅದು ಒಪ್ಪಿಗೆಯಾಗಲಿಲ್ಲವೆಂದು 17ನೇ ಶತಮಾನದ ಜೀವನಚರಿತ್ರೆಕಾರರು ಬರೆದಿದ್ದಾರೆ. ಎರಡನೆಯದರಲ್ಲಿ ದೂತ ಮೇಲೆ ತೇಲುತ್ತ ಬೆರಳೆಣಿಸಿ ಏನೋ ಹೇಳುತ್ತಾನೆ. ಲೇಖನಿ ಮತ್ತಾಯನ ಕೈಯಲ್ಲೇ ಇದೆ. ಮೊದಲನೆಯದು 1945ರಲ್ಲಿ ಬರ್ಲಿನ್ನಿನಲ್ಲಿ ನಾಶವಾಯಿತು, ಎರಡನೆಯದು ಆ ಚರ್ಚಿನಲ್ಲಿ ಈಗಲೂ ಇದೆ. ಕೈ ಹಿಡಿಯುವ ದೂತನೇ ಎಷ್ಟೋ ಭಕ್ತರ ಮನಸ್ಸಿನಲ್ಲಿರುವ ದೂತ. ಆದರೆ ಮೊದಲ ಚಿತ್ರದಲ್ಲಿ ಮತ್ತಾಯ ಅಕ್ಷರ ಬಾರದವನಂತೆ ಕಾಣುತ್ತಾನೆ, ಅದೇ ಅದರ ತೊಡಕು.

ಈಗ ನಾನು ಹೇಳಲೇಬೇಕೆಂದಿರುವ ಕಥೆ. ಯೆರೆಮೀಯನ ಗ್ರಂಥದ 36ನೆಯ ಅಧ್ಯಾಯ. ಪ್ರವಾದಿ ಹೇಳುತ್ತಾನೆ, ಬಾರೂಕ ಸುರುಳಿಯಲ್ಲಿ ಬರೆದುಕೊಳ್ಳುತ್ತಾನೆ. ಅದನ್ನು ಕೇಳಿ ಬೆದರಿದ ಅಧಿಕಾರಿಗಳು ಬಾರೂಕನನ್ನು, ಇದನ್ನೆಲ್ಲ ಹೇಗೆ ಬರೆದೆ ಎಂದು ಕೇಳುತ್ತಾರೆ. ಅವನು ಹೇಳಿದ, ನಾನು ಮಸಿಯಿಂದ ಬರೆದೆ ಎಂಬುದು ಬಾರೂಕನ ಉತ್ತರ. ಸುರುಳಿ ಯೆಹೂದದ ಅರಸ ಯೆಹೋಯಾಕೀಮನ ಎದುರಿಗೆ ಹೋಗುತ್ತದೆ. ಚಳಿಗಾಲ, ಮುಂದೆ ಅಗ್ಗಿಷ್ಟಿಕೆ ಉರಿಯುತ್ತಿದೆ. ಮೂರು ನಾಲ್ಕು ಅಂಕಣ ಓದಿದ ಹಾಗೆಲ್ಲ ಅರಸ ಅಷ್ಟನ್ನು ಲಿಪಿಕಾರನ ಚೂರಿಯಿಂದ ಕತ್ತರಿಸಿ ಬೆಂಕಿಗೆ ಹಾಕುತ್ತಾನೆ. ಬೇಡವೆಂದು ಬೇಡಿಕೊಂಡವರ ಮಾತನ್ನು ಕೇಳುವುದಿಲ್ಲ. ಕೊನೆಗೆ ಇಡೀ ಸುರುಳಿ ಬೂದಿ. ಯೆರೆಮೀಯ ಇನ್ನೊಂದು ಸುರುಳಿ ಕೊಟ್ಟು ಬಾರೂಕನಿಗೆ ಎಲ್ಲವನ್ನೂ ಮತ್ತೆ ಹೇಳಿ ಬರೆಸುತ್ತಾನೆ. ಅಧ್ಯಾಯದ ಕೊನೆಯ ವಾಕ್ಯ ನೋಡು: ಅಂಥವೇ ಇನ್ನೂ ಅನೇಕ ಮಾತುಗಳು ಅದಕ್ಕೆ ಸೇರಿಸಲ್ಪಟ್ಟವು. ಸೇರಿಸಿದವರು ಯಾರೆಂದು ಹೇಳಿಲ್ಲ. ದೇವರ ವಾಕ್ಯದ ಎರಡನೆಯ ಆವೃತ್ತಿ ಮೊದಲನೆಯದಕ್ಕಿಂತ ದೊಡ್ಡದಾಯಿತು ಎಂದು ಗ್ರಂಥವೇ ಹೇಳುತ್ತಿದೆ, ಯಾವ ಮುಜುಗರವೂ ಇಲ್ಲದೆ. ಇದಕ್ಕೆ ಹೊರಗಿನ ಸಾಕ್ಷಿಯೂ ಉಂಟು. ಹಳೆಯ ಗ್ರೀಕ್ ಅನುವಾದದ ಯೆರೆಮೀಯ ಹೀಬ್ರೂ ಪಠ್ಯಕ್ಕಿಂತ ಸುಮಾರು ಎಂಟನೆಯ ಒಂದು ಭಾಗ ಚಿಕ್ಕದು. 1947ರಿಂದ ಮೃತ ಸಮುದ್ರದ ದಡದ ಕುಮ್ರಾನ್ ಗುಹೆಗಳಲ್ಲಿ ದೊರೆತ ಸುರುಳಿಗಳಲ್ಲಿ ಚಿಕ್ಕ ಪಠ್ಯಕ್ಕೆ ಹೊಂದುವ ಹೀಬ್ರೂ ತುಣುಕುಗಳೂ ಇವೆ, ದೊಡ್ಡದಕ್ಕೆ ಹೊಂದುವವೂ ಇವೆ. ಎರಡೂ ಜೊತೆಜೊತೆಯಾಗಿಯೇ ಬಾಳಿದವು. ಇವುಗಳಲ್ಲಿ ಪ್ರೇರಿತವಾದದ್ದು ಯಾವುದು? ಈ ಪ್ರಶ್ನೆ ನಂಬುವವನನ್ನೂ ಬಿಡುವುದಿಲ್ಲ, ನಂಬದವನಿಗೂ ಸುಲಭದ ಜಯ ಕೊಡುವುದಿಲ್ಲ.

ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಚನಗಳು ನಾಲ್ಕನೆಯ ಶತಮಾನದ ಸಿನೈಟಿಕಸ್, ವ್ಯಾಟಿಕನಸ್ ಹಸ್ತಪ್ರತಿಗಳಲ್ಲಿ ಇಲ್ಲವೆಂದು ನೀನು ಬರೆದದ್ದು ಸರಿ. ಆದರೆ ಅದನ್ನು ಕಳ್ಳ ಸಿಕ್ಕಿಬಿದ್ದ ಹಾಗೆ ಬರೆದಿದ್ದೀಯ. ಇಂದಿನ ಎಷ್ಟೋ ಮುದ್ರಿತ ಬೈಬಲುಗಳು ಅದನ್ನು ಅಡಿಟಿಪ್ಪಣಿಯಲ್ಲಿ ತಾವೇ ತಿಳಿಸುತ್ತವೆ. ಧ್ವನಿ ತಗ್ಗಿಸು.

ನಿನ್ನ ಲೇಖನದ ಕೊನೆಯ ಪುಟದಲ್ಲಿ ‘ಸಾಬೀತಾಗಿದೆ’ ಎಂಬುದು ಮತ್ತೆ ಮತ್ತೆ ಬರುತ್ತದೆ. ಹಸ್ತಪ್ರತಿ ನೋಡಿ ಕೈ ಯಾವುದು, ಕಾಲ ಯಾವುದು, ಯಾರು ಯಾರಿಂದ ಎತ್ತಿಕೊಂಡರು ಎಂಬುದನ್ನು ಹೇಳಬಹುದು. ಆ ಕೈಯನ್ನು ದೇವರ ಆತ್ಮ ಪ್ರೇರಿಸಿತೋ ಇಲ್ಲವೋ ಎಂದು ಹೇಳಲು ಅದರಿಂದ ಬಾರದು. ದೇವರು ಅಕ್ಷರಕ್ಷರ ಹೇಳಿ ಬರೆಸಿದ ಗ್ರಂಥವೆಂಬ ಕಲ್ಪನೆಯನ್ನು ಈ ಪುಸ್ತಕವೇ ಮುರಿಯುತ್ತದೆ. ಅಷ್ಟನ್ನು ನಾನು ಧೈರ್ಯವಾಗಿ ಹೇಳುತ್ತೇನೆ. ಅದರಿಂದಾಚೆ ನೀನು ಹೇಳುವುದು ನಿನ್ನ ನಂಬಿಕೆ ಅಥವಾ ಅಪನಂಬಿಕೆ. ಹಾಗೆಂದು ತಿಳಿಸಿ ಬರೆ. ಪೌಲನಿಗೆ ಅದು ಸಾಧ್ಯವಾಗಿತ್ತು.

ಕೊನೆಗೆ ಒಂದು ಕೆಲಸ. ‘ದೈವಪ್ರೇರಿತವಾದ ಪ್ರತಿಯೊಂದು ಶಾಸ್ತ್ರ’ ಎಂಬ ವಚನವನ್ನು ನೀನು ಎತ್ತಿದ್ದೀಯ, ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ್ದು. ಹಿಂದಿನ ವಚನವನ್ನೂ ಓದು: ತಿಮೊಥೆಯ ಚಿಕ್ಕಂದಿನಿಂದ ಬಲ್ಲ ಶಾಸ್ತ್ರದ ಮಾತು ಅದು, ಅಂದರೆ ಯೆಹೂದ್ಯರ ಗ್ರಂಥಗಳು. ಹೊಸ ಒಡಂಬಡಿಕೆ ಆಗ ಒಂದು ಸಂಪುಟವಾಗಿ ಕೂಡಿರಲೇ ಇಲ್ಲ. ಮೇಲಾಗಿ, ಈ ಪತ್ರ ಪೌಲನದೇ ಅಲ್ಲ, ಅವನ ಹೆಸರಿನಲ್ಲಿ ಶಿಷ್ಯಪರಂಪರೆಯ ಯಾರೋ ಬರೆದದ್ದು ಎಂದು ವಿಮರ್ಶಕ ವಿದ್ವಾಂಸರಲ್ಲಿ ಹೆಚ್ಚಿನವರು ಭಾವಿಸುತ್ತಾರೆ. ಪೌಲನದೇ ಎನ್ನುವವರು ನಾಲ್ಕನೆಯ ಅಧ್ಯಾಯದ ಒಂದು ಸಣ್ಣ ವಿವರವನ್ನು ತೋರಿಸುತ್ತಾರೆ: ತ್ರೋವದಲ್ಲಿ ಕರ್ಪನ ಬಳಿ ಬಿಟ್ಟುಬಂದ ಮೇಲಂಗಿಯನ್ನೂ ಪುಸ್ತಕಗಳನ್ನೂ, ಮುಖ್ಯವಾಗಿ ಚರ್ಮದ ಕಾಗದಗಳನ್ನೂ ತೆಗೆದುಕೊಂಡು ಬಾ ಎಂಬ ಸಾಲು. ಇಂಥದನ್ನು ಯಾರಾದರೂ ಕಲ್ಪಿಸಿ ಬರೆಯುತ್ತಾರೆಯೇ ಎಂದು ಅವರ ವಾದ. ಕಥೆ ಬರೆಯುವವಳು ನೀನು. ಬರೆಯುತ್ತಾರೋ ಇಲ್ಲವೋ ಎಂಬುದು ನಿನಗೆ ವಿದ್ವಾಂಸರಿಗಿಂತ ಚೆನ್ನಾಗಿ ಗೊತ್ತು. ತೀರ್ಪಿನ ಪುಟವನ್ನು ಕಿತ್ತುಹಾಕಿ, ಆ ಜಾಗದಲ್ಲಿ ಇದಕ್ಕೆ ನಿನ್ನ ಉತ್ತರ ಬರೆದು ಕಳುಹಿಸು.

ನಿನ್ನ ಅಣ್ಣ