ವಿಷಯ: ನ್ಯೂಜಿಲೆಂಡ್ ಕ್ಯಾಂಪರ್‌ವ್ಯಾನ್ ಪ್ರವಾಸದಲ್ಲಿ ಕಟ್ಟಿದ ದಂಡ ಮತ್ತು ಖರ್ಚು ವಾಪಸ್ ಕೊಡುವ ಬಗ್ಗೆ

ವ್ಯವಸ್ಥಾಪಕರಿಗೆ,
ವಿದೇಶ ಪ್ರವಾಸ ವಿಭಾಗ, ಬೆಂಗಳೂರು

ಮಾನ್ಯರೇ,

‘ಲಾರ್ಡ್ ಆಫ್ ದಿ ರಿಂಗ್ಸ್’ ಚಿತ್ರೀಕರಣವಾದ ಜಾಗಗಳನ್ನು ಕ್ಯಾಂಪರ್‌ವ್ಯಾನ್‌ನಲ್ಲಿ, ಅಂದರೆ ಒಳಗೇ ಮಲಗುವ ಗಾಡಿಯಲ್ಲಿ, ಸುತ್ತಲು ಕಳೆದ ಮಾರ್ಚ್‌ನಲ್ಲಿ ನಿಮ್ಮ 12 ದಿನದ ಪ್ಯಾಕೇಜ್ ತೆಗೆದುಕೊಂಡಿದ್ದೆ. ನಾನು, ನನ್ನ ಹೆಂಡತಿ, ಮಗಳು ಮತ್ತು ಅಮ್ಮ. ಅಮ್ಮನಿಗೆ ಮಂಡಿನೋವು, ರಾತ್ರಿ ಎರಡು ಸಲ ಏಳಬೇಕು. ಗಾಡಿಯೊಳಗೇ ಟಾಯ್ಲೆಟ್ ಇರಲೇಬೇಕು ಎಂದು ದುಡ್ಡು ಕಟ್ಟುವ ಮುಂಚೆ ವಾಟ್ಸ್ಆ್ಯಪ್‌ನಲ್ಲಿ ಕೇಳಿದ್ದೆ. ‘ಎಲ್ಲಾ ಇದೆ ಸಾರ್, ಸರೋವರದ ದಡದಲ್ಲಿ ನಿಲ್ಲಿಸಿ ಆರಾಮಾಗಿ ಮಲಗಿ’ ಎಂಬ ಉತ್ತರ ಬಂತು. ಆ ಮೆಸೇಜ್ ಈಗಲೂ ನನ್ನ ಹತ್ತಿರ ಇದೆ.

ಮಟಮಟಾದಲ್ಲಿ ಸಿನಿಮಾಗೆ ಕಟ್ಟಿದ ಹಳ್ಳಿ ಹಾಬಿಟನ್ ಚೆನ್ನಾಗಿತ್ತು, ಅದನ್ನು ಒಪ್ಪುತ್ತೇನೆ. ಕುರಿ ಫಾರಂ ನಡುವೆ ಆ ಗುಂಡು ಬಾಗಿಲುಗಳನ್ನು ಬಿಟ್ಟು ಮಗಳು ಕದಲಲಿಲ್ಲ. ಟೊಂಗರಿರೊದಲ್ಲಿ ಮಳೆ, ಮೋಡ. ಸಿನಿಮಾದಲ್ಲಿ ‘ಮೌಂಟ್ ಡೂಮ್’ ಆಗಿದ್ದ ಬೆಟ್ಟ ಕಾಣಲೇ ಇಲ್ಲ. ಅದಕ್ಕೆ ನೀವು ಹೊಣೆಯಲ್ಲ ಬಿಡಿ.

ಏಳನೇ ದಿನ ಮೌಂಟ್ ಸಂಡೇ ಎಂದು ನಿಮ್ಮ ಪಟ್ಟಿಯಲ್ಲಿತ್ತು. ಸಿನಿಮಾದ ಎಡೊರಾಸ್ ನಗರ ಕಟ್ಟಿದ್ದ ಗುಡ್ಡ ಅದು. ಈಗ ಸೆಟ್ ಇಲ್ಲ, ಬರೀ ಗುಡ್ಡ, ನದಿ, ಗಾಳಿ. ನಮಗೆ ಬೇಕಿದ್ದದ್ದೂ ಅದೇ. ಹಕಾಟೆರೆ ಹತ್ತಿರ ಡಾಂಬರು ಮುಗಿದು ಜಲ್ಲಿ ರಸ್ತೆ ಶುರುವಾಯಿತು. ಯಾಕೋ ಅನುಮಾನ ಬಂದು ಗಾಡಿಯ ಕರಾರು ತೆಗೆದು ಓದಿದೆ. ಜಲ್ಲಿ ರಸ್ತೆಗೆ ಇಳಿದರೆ ವಿಮೆ ಇಲ್ಲವಂತೆ! ಪಟ್ಟಿ ನಿಮ್ಮದು, ಗಾಡಿ ಬುಕ್ ಮಾಡಿದ್ದೂ ನೀವು. ಒಂದನ್ನು ಓದಿದವರು ಇನ್ನೊಂದನ್ನು ಓದಲೇ ಇಲ್ಲ ಅಲ್ವಾ? ಅಲ್ಲಿಂದಲೇ ತಿರುಗಿದೆವು. ಮಗಳು ಸಂಜೆವರೆಗೂ ಮಾತಾಡಲಿಲ್ಲ.

ಮಾರನೇ ರಾತ್ರಿ ಪುಕಾಕಿ ಸರೋವರದ ದಡ. ಹಿಮನದಿ ಅರೆದ ಕಲ್ಲಿನ ಪುಡಿ ಸೇರಿ ನೀರು ಹಾಲಿಗೆ ನೀಲಿ ಬೆರೆಸಿದ ಹಾಗಿತ್ತು. ಆಚೆ 3,724 ಮೀಟರ್ ಎತ್ತರದ ಔರಾಕಿ ಪರ್ವತ. ಬೆಳಿಗ್ಗೆ ಅಧಿಕಾರಿಯೊಬ್ಬರು ಕಿಟಕಿ ತಟ್ಟಿ 400 ಡಾಲರ್ ದಂಡ ಹಾಕಿದರು. ‘ನಾವೇನು ಕದ್ದಿದ್ದೀವಾ?’ ಎಂದರು ಅಮ್ಮ. ಅಂಥ ಕಡೆ ರಾತ್ರಿ ತಂಗುವ ಗಾಡಿಗೆ ಟಾಯ್ಲೆಟ್ ಭದ್ರವಾಗಿ ಜೋಡಿಸಿರಬೇಕು ಎಂದು 2023ರಲ್ಲೇ ಅಲ್ಲಿ ಕಾನೂನು ಬಂದಿದೆ. ಅದಕ್ಕೆ ಹಸಿರು ಪರವಾನಗಿ ಚೀಟಿ ಕೊಡುತ್ತಾರೆ. ನಮ್ಮ ಗಾಡಿಯಲ್ಲಿ ಇದ್ದದ್ದು ಮಂಚದ ಕೆಳಗೆ ತುರುಕಿದ ಒಂದು ಪ್ಲಾಸ್ಟಿಕ್ ಡಬ್ಬ. ಅದನ್ನು ಎಳೆದು ಹೊರಗಿಟ್ಟರೆ ಮಾತ್ರ ಕೂರಲು ಆಗುತ್ತಿತ್ತು. ಮಂಡಿನೋವಿನ ಅಮ್ಮ, ಕತ್ತಲು, ಚಳಿ. ಜಾಸ್ತಿ ಬರೆಯಲು ನನಗೇ ಮುಜುಗರ.

ಉಳಿದ ಮೂರು ರಾತ್ರಿ ಕ್ಯಾಂಪ್‌ಗಳಲ್ಲಿ ದಿನಕ್ಕೆ 70 ಡಾಲರ್ ಕೊಟ್ಟು ನಿಲ್ಲಿಸಿದೆವು. ಊರಿಗೆ ಬಂದು ಫೋನ್ ಮಾಡಿದರೆ, ‘ಗಾಡಿ ಕೊಟ್ಟವರನ್ನೇ ಕೇಳಿ’ ಎಂದಿರಿ. ಕೇಳಿದೆ. ‘ನಿಮ್ಮ ಏಜೆಂಟರು ಬುಕ್ ಮಾಡಿದ್ದೇ ಈ ಅಗ್ಗದ ಮಾದರಿ’ ಎಂದು ಅವರು ಇಮೇಲ್ ಕಳಿಸಿದ್ದಾರೆ. ನನ್ನಿಂದ ತೆಗೆದುಕೊಂಡದ್ದು ಮಾತ್ರ ಟಾಯ್ಲೆಟ್ ಇರುವ ಗಾಡಿಯ ದರ.

ದಂಡ 400, ಕ್ಯಾಂಪ್ 210, ಒಟ್ಟು 610 ಡಾಲರ್. ಇದರ ಜೊತೆಗೆ ಎರಡು ಮಾದರಿಗಳ ಬಾಡಿಗೆಯ ವ್ಯತ್ಯಾಸ. ಇಷ್ಟನ್ನೂ 15 ದಿನದೊಳಗೆ ವಾಪಸ್ ಕೊಡಿ. ರಸೀದಿ, ಕರಾರು, ಇಮೇಲ್, ಮೆಸೇಜ್‌ಗಳ ಪ್ರತಿ ಲಗತ್ತಿಸಿದ್ದೇನೆ. ಡಬ್ಬದ ಫೋಟೋ ಕೂಡ. ಕೊಡದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಾನಿರುವ ಮೈಸೂರಿನ ಆಯೋಗದಲ್ಲೇ ದೂರು ಕೊಡುತ್ತೇನೆ. ಅದಕ್ಕೆ ನಾನು ಬೆಂಗಳೂರಿಗೆ ಬರಬೇಕಿಲ್ಲ, ನೀವೇ ಇಲ್ಲಿಗೆ ಬರಬೇಕಾಗುತ್ತದೆ.

ಇಂತಿ,
ನಿಮ್ಮ ಗ್ರಾಹಕ
ಮೈಸೂರು